ಮಂಠಾಳದ ಮೇಲೊಂದು ಸುಳಿ

ನಮ್ಮ ಕಾಕಾ ಹಾವಿಗೆ ಹೆದರುವವರಲ್ಲ, ಹುಲಿಗೆ ಹೆದರುವವರಲ್ಲ; ಹೆದರುವುದು ಬಾಣಕ್ಕೆ. ಅದೂ ತಾವೇ ಬಿಡಿಸಿದ ಬಾಣಕ್ಕೆ! ಬಸವಕಲ್ಯಾಣದಲ್ಲಿ ಗಣಿತ ಕಲಿಸಿ ನಿವೃತ್ತರಾದ ಮನುಷ್ಯ ಸುಮ್ಮನೆ ಕೂರಬಾರದೆ? ಒಂದು ಬೇಸಿಗೆಯ ಬಿರುಗಾಳಿ, ಮಂಠಾಳದಲ್ಲಿರುವ ಅವರ ಅಕ್ಕನ, ಅಂದರೆ ನನ್ನ ಅತ್ತೆಯ, ಕುರಿದೊಡ್ಡಿಯ ತಗಡನ್ನು ಹಾರಿಸಿಕೊಂಡು ಹೋಯಿತು. ಅಂದಿನಿಂದ ಎಲೆ ಅಲುಗಿದರೂ ಕಾಕಾ ಲ್ಯಾಪ್‌ಟಾಪ್ ತೆಗೆಯುತ್ತಾರೆ.

ದಿನಾ ಮುಂಜಾನೆ ಹುಮನಾಬಾದಿನ ಹಣ್ಣಿನ ಗಾಡಿಯವನಿಗೆ, ಮಾಣಿಕನಗರದ ಆಟೋದವನಿಗೆ, ರಾಜೇಶ್ವರದ ಚಹಾದಂಗಡಿಗೆ, ಕೊನೆಗೆ ಅಕ್ಕನಿಗೆ ಫೋನ್. ಪ್ರಶ್ನೆ ಒಂದೇ: “ಗಾಳಿ ಯಾ ಕಡಿ ಅದ?” ಪರದೆಯ ನಕ್ಷೆಯಲ್ಲಿ ಗಾಳಿ ಹೋಗುವ ದಿಕ್ಕಿಗೆ ನಾಲ್ಕು ಊರಿಗೆ ನಾಲ್ಕು ಬಾಣ ಕೊಟ್ಟರೆ ಸಾಕು, ನಡುವಿನ ಖಾಲಿ ಜಾಗಕ್ಕೆಲ್ಲ ಕಂಪ್ಯೂಟರ್ ತಾನೇ ಲೆಕ್ಕ ಹಾಕಿ ನೂರಾರು ಬಾಣ ತುಂಬುತ್ತದೆ. ಒಮ್ಮೆ ಆಟೋದವ, “ಸರ್, ನಾ ಗಾಡಿ ಓಡಸೂವಾಗ ಗಾಳಿ ಯಾವಾಗ್ಲೂ ಎದುರಿಗೇ ಬರ್ತದ್ರಿ” ಎಂದ. ಕಾಕಾ ಅದನ್ನೂ ಬರೆದುಕೊಂಡರು!

ಮೊನ್ನೆ ಪರದೆ ನೋಡಿದವರೇ ಬೆವೆತುಹೋದರು. ಮೂರು ಊರಿನ ಬಾಣ ಪಶ್ಚಿಮಕ್ಕೆ, ಮಂಠಾಳದ್ದೊಂದೇ ಪೂರ್ವಕ್ಕೆ. ಎರಡೂ ಡಿಕ್ಕಿ ಹೊಡೆದು ಅತ್ತೆಯ ದೊಡ್ಡಿಯ ಪಕ್ಕದಲ್ಲೇ ದೊಡ್ಡ ಸುಳಿ! ಮತ್ತೆ ಫೋನ್ ಹಚ್ಚಿ ಕೂಗಿದರು.

“ಅಕ್ಕಾ, ತಗಡಿನ ಕೆಳಗ ನಿಲ್ಲಬ್ಯಾಡ! ಜಲ್ದಿ ಕುರಿ ಹೊಡ್ಕೊಂಡು ಬಯಲಿಗಿ ಹೋಗು!”

ಅರ್ಧ ತಾಸಿನ ಮೇಲೆ ಮಾಡಿದರೆ ಅತ್ತೆ ಎತ್ತಲಿಲ್ಲ. ಹತ್ತು ಸಲ ಮಾಡಿದರೂ ಇಲ್ಲ. ಕಾಕಾ ಎದ್ದು ನನ್ನ ಬೈಕಿನ ಕೀಲಿ ಹುಡುಕತೊಡಗಿದರು; ನನ್ನ ನಗುವೂ ನಿಂತಿತು. ಹೆದರಿಕೆ ಅಂಟುರೋಗ ನೋಡಿ! ಬೈಕಿನಲ್ಲಿ ಮಂಠಾಳದ ತನಕ ಅವರು ಹಿಂದಿನಿಂದ ನನ್ನ ಅಂಗಿ ಬಿಡಲಿಲ್ಲ.

ಅತ್ತೆ ಸುಡುಬಿಸಿಲಲ್ಲಿ, ಬಯಲಲ್ಲಿ, ಕುರಿಗಳ ನಡುವೆ ಕೂತಿದ್ದಳು. ಫೋನು ದೊಡ್ಡಿಯಲ್ಲೇ ಉಳಿದಿತ್ತು.

“ಎಲ್ಲಿ ಅದಪಾ ನಿನ್ನ ಬಿರುಗಾಳಿ?”

“ಗಾಳಿ ಮೂಡಕ್ಕ ಹೊಂಟದಂತ ನೀನೇ ಹೇಳಿದೆಲ್ಲಾ!”

“ಮೂಡಗಾಳಿ ಅಂದೆ. ಮೂಡಗಾಳಿ ಅಂದ್ರ ಮೂಡಲಿಂದ ಬರೂದು, ಮಾಸ್ತರಾ! ನನ್ನ ಕುರಿಗೂ ಗೊತ್ತದ!”

ಮನೆಗೆ ಬಂದು ಆ ಒಂದು ಬಾಣ ತಿರುಗಿಸಿದರೆ ಸುಳಿಯೇ ಇಲ್ಲ. ನಾನು ಬಿಡುತ್ತೇನೆಯೇ? “ಕಾಕಾ, ಅತ್ತಿ ಬಾಣ ತೆಗದೇ ಬಿಡ್ರಿ. ಖಾಲಿ ಜಾಗಾ ಕಂಪ್ಯೂಟರೇ ತುಂಬತದಲ್ಲ?”

ಕಾಕಾ ನಗಲಿಲ್ಲ. ಅಳಿಸಿ ತೋರಿಸಿದರು. ಮಂಠಾಳದ ಮೇಲೆ ಮೊದಲಿನಷ್ಟೇ ಚೆಂದದ ಬಾಣವೊಂದು ಮೂಡಿತು.

“ನೋಡು. ಆಕಿ ಫೋನ್ ಎತ್ತದಿದ್ರೂ ಇದು ಬಾಣ ತೋರಸ್ತದ. ನಾಳಿ ಆಕಿನೇ ಇಲ್ಲಂದ್ರೂ ತೋರಸ್ತದ. ನನಗ ಇದರದ್ದೇ ಹೆದರಿಕಿ.”

ಮರುದಿನ ಮುಂಜಾನೆ ಕಾಕಾ ಏಳುವ ಮೊದಲೇ ಮಂಠಾಳಕ್ಕೆ ಫೋನ್ ಮಾಡಿದೆ.

“ಅತ್ತಿ, ಗಾಳಿ ಯಾ ಕಡಿಂದ ಬರಾಕತ್ತದ?”