ಮೀಸೆ ಕಂಡರೆ ನಿಲ್ಲುವ ಸೈಕಲ್ಲು

"ಮುಟ್ಟಬ್ಯಾಡ! ಮೊದಲ ನೋಡು, ಆಮ್ಯಾಲ ಮುಟ್ಟು!"

ಪರಸಪ್ಪ ಕಾಕಾ ಎರಡೂ ಕೈ ಅಗಲಿಸಿ ಸೈಕಲ್ಲಿಗೆ ಅಡ್ಡ ನಿಂತಿದ್ದ. ಸುಟ್ಟ ಪಂಪುಗಳ ವೈಂಡಿಂಗ್ ಮಾಡುವ ಅವನ ತಗಡಿನ ಅಂಗಡಿಯಲ್ಲಿ ಮೂರು ಜನ ನಿಲ್ಲುವಷ್ಟೂ ಜಾಗವಿರಲಿಲ್ಲ. ಬೌರವ್ವ ಬಾಗಿಲಲ್ಲಿ ನಿಂತು ಇಣುಕುತ್ತಿದ್ದಳು. ಅವಳ ಅವ್ವ ಸಂಗವ್ವ ಒಂದು ಹಳೆಯ ಮೋಟಾರಿನ ಮೇಲೆ ಕೂತು ಮೈದುನನನ್ನು ಅನುಮಾನದಿಂದ ನೋಡುತ್ತಿದ್ದಳು. ಸೈಕಲ್ಲು ಬೌರವ್ವನದೇ. ಆದರೆ ಸೀಟಿನ ಕೆಳಗೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಹೊಸದಾಗಿ ಕೂತಿತ್ತು. ಹ್ಯಾಂಡಲ್ಲಿನ ಮೇಲೆ, ಒಡೆದ ಮೊಬೈಲಿನಿಂದ ಕಿತ್ತ ಕ್ಯಾಮೆರಾ ಪಿಳಿಪಿಳಿ ಕಣ್ಣು ಬಿಡುತ್ತಿತ್ತು.

"ಕಬ್ಬಿಣಕ್ಕ ನೆನಪ ಇರ್ತದ. ಇದು ನನ್ನ ಸಂಶೋಧನಾ!" ಎಂದ ಕಾಕಾ. "ನಿಮ್ಮ ಮುತ್ಯಾ ಭರಮಪ್ಪ ಮೂವತ್ತು ವರ್ಷ ಸ್ಟೇಷನ್ನಿನಿಂದ ಅಂಚೆ ಚೀಲ ತಂದಾನ. ಹನ್ನೊಂದು ಮೈಲಿ! ಬಸ್ಸಿಗಿಂತ ಮೊದಲ ಮುಟ್ತಿದ್ದ! ಆ ಕಾಲಿನ ಲೆಕ್ಕ ಎಲ್ಲಿ ಹೋತು? ಅವನ ಸೈಕಲ್ಲಿನ ಪೆಡಲಿನಾಗ, ಚೈನಿನಾಗ ಕೂತದ. ಅದನ್ನೆಲ್ಲಾ ಹಿಂಡಿ ಈ ಪೆಟಗಿಗೆ ತುಂಬೀನಿ. ಇನ್ನ ನೀ ತುಳಿಯೂದು ಬ್ಯಾಡ, ಮುತ್ಯಾನ ತುಳೀತಾನ!"

"ಹೋದ ವರ್ಷ ರೊಟ್ಟಿ ಬಡಿಯೂ ಯಂತ್ರ ಮಾಡಿದ್ದಿ," ಎಂದಳು ಸಂಗವ್ವ. "ನಮ್ಮ ಅಡಗಿ ಮನಿ ಗ್ವಾಡಿಗೆ ಇವತ್ತಿಗೂ ಎಂಟು ರೊಟ್ಟಿ ಅಂಟ್ಯಾವ."

"ಅದು ಹಿಟ್ಟಿನ ತಪ್ಪು ವೈನಿ!"

"ಹುಡುಗಿ ಹಲ್ಲು ಮುರಿದರ ಅದು ಯಾರ ತಪ್ಪು?"

ಬೌರವ್ವನಿಗೆ ಹಲ್ಲಿನ ಚಿಂತೆ ಇರಲಿಲ್ಲ. ಚಿಂತೆ ಜನವರಿಯದು. ಜನವರಿ ಬಂದರೆ ಅವಳಿಗೆ ಹದಿನೆಂಟು ತುಂಬುತ್ತಿತ್ತು. ಆಮೇಲೆ ಸೈಕ್ಲಿಂಗ್ ಹಾಸ್ಟೆಲಿನ ಬಾಗಿಲು ಅವಳ ಪಾಲಿಗೆ ಮುಚ್ಚಿದಂತೆಯೇ. ಹಂಗಾಮಿನ ಈ ಮೊದಲ ರೇಸಿನಲ್ಲಿ ಆರರೊಳಗೆ ಬಂದ ಹುಡುಗಿಯರನ್ನು ಹಾಸ್ಟೆಲಿಗೆ ತೆಗೆದುಕೊಳ್ಳುತ್ತಾರೆ. ಹೋದ ವರ್ಷ ಅವಳು ಏಳನೆಯವಳು. ಅರ್ಧ ಗಾಲಿಯಷ್ಟು ಹಿಂದೆ! ಆ ಅರ್ಧ ಗಾಲಿ ಹನ್ನೆರಡು ತಿಂಗಳಿನಿಂದ ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಕೇರಿಯ ಹಿಂದಿನ ಹಾದಿಯಲ್ಲಿ ಮೂರು ಸಲ ಓಡಿಸಿ ನೋಡಿದಳು. ಎದುರುಗಾಳಿ ಬಂದಾಗ ಪೆಡಲು ತಾನೇ ಲಯ ಬದಲಿಸಿತು. ಏರಿನಲ್ಲಿ ಉಸಿರು ಕಟ್ಟಲಿಲ್ಲ. ಕಾಲಡಿಯಲ್ಲಿ ಯಾರೋ ಹಿರಿಯರು ಕೂತು, "ಗಡಿಬಿಡಿ ಬ್ಯಾಡ, ಗಡಿಬಿಡಿ ಬ್ಯಾಡ" ಎನ್ನುತ್ತಿದ್ದಂತಿತ್ತು.

"ಕಾಕಾ, ಇದು ಹಾರ್ತದ!"

"ಹಾರಲಾರದ ಏನು ಮಾಡ್ತದ!" ಎಂದು ಕಾಕಾ ಪೆಟ್ಟಿಗೆಗೆ ನಾಲ್ಕು ಕಡೆ ವೆಲ್ಡಿಂಗ್ ಹೊಡೆದುಬಿಟ್ಟ. ಇನ್ನು ಅದನ್ನು ಬಿಚ್ಚುವಂತಿರಲಿಲ್ಲ.

* * *

ರೇಸಿನ ದಿನ ಬೆಳಿಗ್ಗೆ ಎಳೆಬಿಸಿಲು, ಚಳಿ. ಮಳೆಗಾಲವೆಲ್ಲ ಮನೆಯಲ್ಲಿ ಕೂತ ಕಾಲುಗಳು ಇನ್ನೂ ಪಳಗಿರಲಿಲ್ಲ. ಇಪ್ಪತ್ತೇಳು ಹುಡುಗಿಯರು ಕ್ರಾಸಿನಲ್ಲಿ ಸಾಲುಗಟ್ಟಿ ತೊಡೆ ತಿಕ್ಕಿಕೊಳ್ಳುತ್ತಿದ್ದರು. ತೀರ್ಪುಗಾರರಾದ ಗುರುಲಿಂಗ ಮಾಸ್ತರರು ಬೌರವ್ವನ ಸೈಕಲ್ಲಿನ ಬಳಿ ಬಂದು ಬಗ್ಗಿದರು.

"ಇದೇನಿದು, ಮೋಟಾರೇನು?"

"ಅಲ್ರೀ ಸರ, ನೆನಪು!" ಎಂದ ಕಾಕಾ.

ಮಾಸ್ತರರು ನಿಯಮದ ಪುಸ್ತಕ ತೆಗೆದು ಮೊದಲಿನಿಂದ ಕೊನೆಯವರೆಗೆ ನೋಡಿದರು. ಮೋಟಾರಿನ ಬಗ್ಗೆ ಎರಡು ಪುಟ ಇತ್ತು. ನೆನಪಿನ ಬಗ್ಗೆ ಒಂದು ಸಾಲೂ ಇರಲಿಲ್ಲ. "ಹೋಗ್ಲಿ ಬಿಡು," ಎಂದು ಚೀಟಿ ಅಂಟಿಸಿದರು.

ನಿಶಾನೆ ತೋರಿಸಲು ಬಂದವರು ಕರಿಜಾಲಿಯ ರುದ್ರಗೌಡರು. ತಲೆಗೆ ಗುಲಾಬಿ ರುಮಾಲು, ಕೊರಳಿಗೆ ಹಾರ, ಎರಡೂ ತುದಿ ಆಕಾಶ ನೋಡುವ ಮೀಸೆ. ರೇಸಿಗೆ ಕೊಟ್ಟದ್ದು ಬಾಳೆಹಣ್ಣು ಮತ್ತು ನೀರು. ಆದರೆ ಮೂವತ್ತು ಕಿಲೋಮೀಟರಿನ ಹಾದಿಯಲ್ಲಿ ಮೊದಲ ಏಳೆಂಟು ಬಿಟ್ಟರೆ ಉದ್ದಕ್ಕೂ ಅವರದೇ ಫೋಟೋ ಇರುವ ಫ್ಲೆಕ್ಸುಗಳು! ಗೌಡರು ಬಾವುಟ ಬೀಸಿದರು. ಇಪ್ಪತ್ತಾರು ಸೈಕಲ್ಲುಗಳು ಸರ್ರನೆ ಹೊರಟವು.

ಬೌರವ್ವನದು ಅಲ್ಲಾಡಲಿಲ್ಲ.

"ತುಳಿ!" ಎಂದು ಕಾಕಾ ಕೂಗಿದ.

"ತುಳೀತೀನಿ! ಬಂಡಿಗಲ್ಲ ಆಗ್ಯದ!"

ಪೆಡಲು ಬಿಗಿದಿತ್ತು, ಬ್ರೇಕು ಕಚ್ಚಿತ್ತು. ಗೌಡರು ತಮ್ಮ ತೆರೆದ ಜೀಪು ಹತ್ತಿ, ರೇಸಿನ ಮುಂದೆ ಹೋಗಬೇಕೆಂದು ಗುಂಪನ್ನು ದಾಟಿ ಹೊರಟುಹೋದರು. ಅವರು ಬೆನ್ನು ತಿರುಗಿಸಿದ್ದೇ ತಡ, ಸೈಕಲ್ಲು ಸಡಿಲಾಗಿ ಚಿಮ್ಮಿತು! ಬೌರವ್ವನಿಗೆ ಏನೂ ತಿಳಿಯಲಿಲ್ಲ. ತಿಳಿದುಕೊಳ್ಳಲು ಪುರುಸೊತ್ತೂ ಇರಲಿಲ್ಲ. ಐದು ಕಿಲೋಮೀಟರಿನಲ್ಲಿ ಗುಂಪಿನ ಬಾಲ ಹಿಡಿದಳು. ಏಳರಲ್ಲಿ ಮುಂದಿನ ಎಂಟು ಜನರ ಹಿಂದೆ ಗಾಳಿ ತಪ್ಪಿಸಿಕೊಂಡು ಕೂತಳು. ಎಂಟರಲ್ಲಿ ಮೊದಲ ಫ್ಲೆಕ್ಸು ಬಂತು.

ಸೈಕಲ್ಲು ನಿಂತಿತು. ಸೀಟು ಮುಂದಕ್ಕೆ ವಾಲಿ, ಕಂಕುಳಿನ ಕೂಸನ್ನು ಇಳಿಸಿದ ಹಾಗೆ ಅವಳನ್ನು ಮೆಲ್ಲಗೆ ರಸ್ತೆಗೆ ಇಳಿಸಿತು.

"ಏ! ಏ!"

ಹತ್ತಲು ಹೋದರೆ ಬ್ರೇಕು ಬಿಡುತ್ತಿರಲಿಲ್ಲ. ಇಳಿದು ತಳ್ಳಿದರೆ ಬೆಣ್ಣೆಯ ಹಾಗೆ ಉರುಳುತ್ತಿತ್ತು. ಬೆಲ್ ಒತ್ತಿದಳು. ಅದರ ನಾಲಗೆಯೂ ಕಟ್ಟಿಹೋಗಿತ್ತು. ಫ್ಲೆಕ್ಸು ದಾಟಿ ಹತ್ತು ಹೆಜ್ಜೆ ನಡೆದ ಮೇಲೆ ಬೆಲ್ ತಾನಾಗಿ ಟ್ರಿಣ್ ಎಂದಿತು, ಪೆಡಲು ಸಡಿಲಾಯಿತು.

ಮತ್ತೆ ಹತ್ತಿದಳು, ಮತ್ತೆ ಹಿಡಿದಳು. ಮತ್ತೊಂದು ಫ್ಲೆಕ್ಸು, ಮತ್ತೆ ಇಳಿತ! ಆಮೇಲೆ ರೇಸು ನೋಡಲು ಕೂತ ಮುದುಕನೊಬ್ಬ ರುಮಾಲು ಸರಿಮಾಡಿಕೊಂಡು ಮೀಸೆ ತೀಡಿದ. ಅವನ ಮುಂದೂ ಇಳಿತ! "ಏನವ್ವಾ, ನೀರು ಬೇಕೇನು?" ಎಂದು ಆತ ಪ್ರೀತಿಯಿಂದ ಕೇಳಿದ. ಹಾಲಿನ ಡೇರಿ ಮುಂದೆ ನಾಲ್ಕು ಮೀಸೆಗಳು ಸಾಲಾಗಿ ನಿಂತಿದ್ದವು. ಅಲ್ಲಿ ನೂರು ಗಜ ನಡೆಯಬೇಕಾಯಿತು. ಸಲೂನಿನ ಬಾಗಿಲಿಗೆ ಅಂಟಿಸಿದ್ದ ಹಳೇ ಕ್ಯಾಲೆಂಡರಿನ ಪೈಲ್ವಾನನಿಗೂ ಸೈಕಲ್ಲು ಮರ್ಯಾದೆ ಕೊಟ್ಟಿತು!

ಹದಿನೈದನೇ ಕಿಲೋಮೀಟರಿನ ಹೊತ್ತಿಗೆ ಅವಳು ಕೊನೆಯವಳಾಗಿದ್ದಳು.

* * *

ಕರಿಜಾಲಿಯಲ್ಲಿ ಗೌಡರ ವಾಡೆ. ಕಲ್ಲಿನ ಕಾಂಪೌಂಡು ರಸ್ತೆಯುದ್ದಕ್ಕೂ ಮುಗಿಯುತ್ತಲೇ ಇರಲಿಲ್ಲ. ಅಲ್ಲಿ ಮೀಸೆಯೂ ಇರಲಿಲ್ಲ, ಫ್ಲೆಕ್ಸೂ ಇರಲಿಲ್ಲ. ಆದರೂ ಸೈಕಲ್ಲು ಅವಳನ್ನು ಇಳಿಸಿತು. ಈ ಸಲ ಹ್ಯಾಂಡಲ್ಲು ಕೂಡ ತಲೆ ಬಗ್ಗಿಸಿತು.

ಎದುರಿನ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದ ಮುದುಕಿಯೊಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದಳು. "ನೀ ಟಪಾಲಿನ ಭರಮಪ್ಪನ ಮೊಮ್ಮಗಳೇನ?"

"ಹೌದು ಆಯಿ. ನಿನಗ ಹ್ಯಾಂಗ ಗೊತ್ತಾತು?"

"ಇಳಿದದ್ದು ನೋಡಿ ಗೊತ್ತಾತು. ಅವನೂ ಹಿಂಗ ಇಳೀತಿದ್ದ. ಇದ ಜಾಗಾದಾಗ, ದಿನಾ."

"ಯಾಕ? ಇಲ್ಲಿ ಮುಳ್ಳು ಇದ್ದುವೇನ? ಪಂಚರ್ ಆಗ್ತಿತ್ತೇನ?"

ಮುದುಕಿ ಅವಳ ಮುಖ ನೋಡಿದಳು. ಮೊರ ಕೆಳಗಿಟ್ಟಳು. "ನಿಮ್ಮ ಮನ್ಯಾಗ ಹೇಳಿಲ್ಲೇನ? ಆಗಿನ ದೊಡ್ಡಗೌಡ ಕಟ್ಟಿ ಮ್ಯಾಲ ಕೂತಿರ್ತಿದ್ದನವ್ವ. ನಿಮ್ಮ ಕೇರಿಯವರು ಸೈಕಲ್ ಮ್ಯಾಲ ಕೂತು ಅವನ ಮುಂದ ಹೋಗೂ ಹಂಗ ಇರಲಿಲ್ಲ. ಇಳಿದು, ಚಪ್ಪಲಿ ಕೈಯಾಗ ಹಿಡಕೊಂಡು, ಈ ಗ್ವಾಡಿ ಮುಗಿಯೂ ತನಕಾ ನಡೀಬೇಕು. ಮೀಸಿ ಕಂಡಲ್ಲೆಲ್ಲಾ ಇಳದಾನವ. ಬರೇ ಇಲ್ಲಿ ಒಂದ ಕಡೆ ಏನು!"

ಬೌರವ್ವ ಗೋಡೆಯ ಉದ್ದ ನೋಡಿದಳು. ಕೇರಿಯ ಹಾದಿಯಲ್ಲಿ ಸೈಕಲ್ಲು ಯಾಕೆ ಒಮ್ಮೆಯೂ ನಿಲ್ಲಲಿಲ್ಲವೆಂಬುದು ಈಗ ಹೊಳೆಯಿತು. ಕೇರಿಯ ಗಂಡಸರು ಯಾರೂ ಮೀಸೆಯ ತುದಿ ಮೇಲಕ್ಕೆ ತಿರುವಿದವರಲ್ಲ. ತುದಿ ಇಳಿಬಿಡುವುದು ಅವರ ಶೋಕಿಯೆಂದೇ ಇಷ್ಟು ದಿನ ತಿಳಿದಿದ್ದಳು! ಬಸ್ಸಿಗಿಂತ ಮೊದಲು ಮುಟ್ಟಿದ ಮುತ್ಯಾನ ಕತೆಯನ್ನು ಮನೆಯಲ್ಲಿ ಸಾವಿರ ಸಲ ಹೇಳಿದ್ದರು. ಇಳಿದ ಮುತ್ಯಾನ ಕತೆಯನ್ನು ಮಾತ್ರ ಯಾರೂ ಹೇಳಿರಲಿಲ್ಲ. ಹೇಳದೆ ಉಳಿದದ್ದನ್ನೆಲ್ಲ ಕಬ್ಬಿಣ ಜೋಪಾನವಾಗಿ ಇಟ್ಟುಕೊಂಡಿತ್ತು.

ಹಿಂದಿನಿಂದ ಮೊಪೆಡ್ಡಿನ ಮೇಲೆ ಕಾಕಾ ಡುಗುಡುಗು ಬಂದ.

"ಯಾಕ ನಡ್ಯಾಕತ್ತಿ? ನಡಗಿ ಸ್ಪರ್ಧೆ ಅಲ್ಲ ಇದು!"

"ನಿನ್ನ ಪೆಟಗಿ ಗೌಡರಿಗೆ ಕೈ ಮುಗ್ಯಾಕತ್ತದ! ಮುತ್ಯಾನ ಕಾಲಷ್ಟ ತುಂಬಿದಿ ಅಂತ ತಿಳಿದಿದ್ದೆ. ಅವನ ಅಂಜಿಕಿನೂ ತುಂಬೀಯೇನು?"

ಕಾಕಾನ ಮುಖ ಸಣ್ಣದಾಯಿತು. "ಸೋಸಬೇಕಾಗಿತ್ತು," ಎಂದ ಮೆಲ್ಲಗೆ.

"ಕಿತ್ತು ಒಗಿ ಅದನ್ನ!"

"ವೆಲ್ಡಿಂಗ್ ಹೊಡದೀನಲ್ಲ!"

"ಹಂಗಾರ ಏನರೆ ಮಾಡು! ಆರು ಮಂದಿಯೊಳಗ ಬರಲಿಲ್ಲ ಅಂದರ ಬರೂ ಜನವರಿಯಿಂದ ನಾ ನಿನ್ನ ಅಂಗಡ್ಯಾಗ ತಾಮ್ರದ ತಂತಿ ಸುತ್ತಬೇಕಾಗ್ತದ, ನೆಪ್ಪಿರ್ಲಿ!"

ಪೆಟ್ಟಿಗೆಯ ಬದಿಗೆ ಒಂದು ತಿರುಪಿತ್ತು. ಒಂದು ಕಡೆ 'ಒಳಗೆ', ಇನ್ನೊಂದು ಕಡೆ 'ಹೊರಗೆ'. ನೆನಪನ್ನು ಒಳಗೆ ಹಾಕಿದ್ದು ಅದರಿಂದಲೇ. ಹಾಗಾದರೆ ಹೊರಗೆ ಹಾಕಿದರೆ ಆಯಿತು! ಕಾಕಾ ತಿರುಪನ್ನು ಪೂರ್ತಿ ತಿರುವಿದ. ಪೆಟ್ಟಿಗೆ ಗೊರ್ರೆಂದಿತು. ಮೊಪೆಡ್ಡು ಒಮ್ಮೆ ಸೀನಿತು. ಕರೆಂಟಿನ ತಂತಿಯ ಮೇಲಿದ್ದ ಗಿಳಿಗಳೆಲ್ಲ ಎದ್ದು ಹೋದವು.

"ಹೋತು! ಎಲ್ಲಾ ಹೋತು! ಇನ್ನ ಹೊಡಿ!"

ನೆನಪು ಹೊರಗೆ ಹೋದದ್ದು ನಿಜ. ಎಲ್ಲಿಗೆ ಹೋಯಿತು ಎಂದು ಮಾತ್ರ ಕಾಕಾ ಯೋಚಿಸಿರಲಿಲ್ಲ.

* * *

ಬೌರವ್ವ ಮೈಯೆಲ್ಲ ಕಾಲಾಗಿ ತುಳಿದಳು. ಮುಂದಿನ ಫ್ಲೆಕ್ಸು ಬಂತು. ಸೈಕಲ್ಲು ನಿಂತೇ ನಿಂತಿತು! ಬಾಯಿಗೆ ಬಂದ ಬೈಗುಳವೆಲ್ಲ ಕಾಕಾನಿಗೆ ಒಪ್ಪಿಸುತ್ತ ತಲೆಯೆತ್ತಿ ನೋಡಿದರೆ, ಅರ್ಧ ಮೈಲಿ ಮುಂದೆ ಇಡೀ ರೇಸು ನೆಲದ ಮೇಲಿತ್ತು.

ಇಪ್ಪತ್ತಾರು ಹುಡುಗಿಯರು ಇಪ್ಪತ್ತಾರು ಸೈಕಲ್ಲುಗಳ ಪಕ್ಕ ನಿಂತು ಕೂಗಾಡುತ್ತಿದ್ದರು. ಪೆಟ್ಟಿಗೆಯಿಂದ ಹೊರಟ ನೆನಪು ಸುತ್ತಲಿನ ಕಬ್ಬಿಣಕ್ಕೆಲ್ಲ ಹಂಚಿಹೋಗಿತ್ತು. ಹಂಚಿದರೂ ಅದು ಕಡಿಮೆಯಾಗಿರಲಿಲ್ಲ. ಬೌರವ್ವನ ಕ್ಯಾಮೆರಾ ಕಂಡದ್ದು ಎಲ್ಲ ಸೈಕಲ್ಲಿಗೂ ಕಾಣುತ್ತಿತ್ತು.

"ಯಾರದ ಮಾಟ ಇದು!"

"ನಂದು ಎಂಬತ್ತು ಸಾವಿರದ ಸೈಕಲ್ಲು! ಇದಕ್ಕೇನಾತು?"

ಹತ್ತುವುದು, ಇನ್ನೂರು ಗಜ ಓಡುವುದು, ಫ್ಲೆಕ್ಸಿಗೆ ಇಳಿಯುವುದು. ಹೀಗೆ ರೇಸು ಸಾಗಿತು. ಇಳಿದಾಗಲೆಲ್ಲ ಬೌರವ್ವ ನಾಲ್ಕು ಜನರನ್ನು ದಾಟುತ್ತಿದ್ದಳು. ದೊಡ್ಡ ಸೈಕಲ್ಲಿನ ಹುಡುಗಿಯರ ಬೂಟಿನ ಅಡಿಗೆ ಪೆಡಲು ಕಚ್ಚುವ ಕೊಕ್ಕೆ ಇತ್ತು. ಡಾಂಬರಿನ ಮೇಲೆ ಅವರು ಎಣ್ಣೆ ಚೆಲ್ಲಿದ ನೆಲದಲ್ಲಿ ನಡೆಯುವ ಬಾತುಗಳಾಗಿದ್ದರು. ಬೌರವ್ವನ ಕಾಲಿಗೆ ಸಂತೆಯ ಕ್ಯಾನ್ವಾಸ್ ಬೂಟು.

ಅದಕ್ಕಿಂತ ಹೆಚ್ಚಾಗಿ ನಡಿಗೆಯೂ ಪೆಟ್ಟಿಗೆಯಲ್ಲೇ ಇತ್ತು. ಮುತ್ಯಾ ಇಳಿದು ನಡೆದೂ ಬಸ್ಸಿಗಿಂತ ಮೊದಲು ಮುಟ್ಟಿದ್ದ. ಅಂದರೆ ಎಂಥ ನಡಿಗೆ ನಡೆದಿರಬೇಕು! ಸೈಕಲ್ಲು ಅವಳನ್ನು ಪಕ್ಕದಿಂದ ಎಳೆದುಕೊಂಡೇ ಹೋಗುತ್ತಿತ್ತು. ಸಿಟ್ಟು ಹಿಂದಿನಿಂದ ದಬ್ಬುತ್ತಿತ್ತು.

"ಏ ತಂಗಿ, ಹ್ಯಾಂಗ ಬೇ ಇಷ್ಟು ಜಲ್ದಿ ನಡೀತಿ?" ಎಂದು ಎಂಬತ್ತು ಸಾವಿರದವಳು ಏದುಸಿರು ಬಿಡುತ್ತ ಕೇಳಿದಳು.

"ಎಡಕ್ಕ ನಿಂದರು, ಒಂದು ಕೈ ಸೀಟಿನ ಮ್ಯಾಲ ಇಡು," ಎಂದಳು ಬೌರವ್ವ ನಿಲ್ಲದೆ. "ನಮ್ಮ ಮನಿತನದ ವಿದ್ಯೆ ಅದು."

ಕೊನೆಯ ಕಿಲೋಮೀಟರಿಗೆ ಗೌಡರ ಅಭಿಮಾನಿಗಳು ಗೂಟಕ್ಕೊಂದು ಫ್ಲೆಕ್ಸು ಕಟ್ಟಿದ್ದರು. ಹತ್ತುವ ಮಾತೇ ಇರಲಿಲ್ಲ. ಗೆರೆಯ ಆಚೆ ವೇದಿಕೆಯ ಮೇಲೆ ಖುದ್ದು ಗೌಡರು ನಿಂತು, ಸಾಲಾಗಿ ಇಳಿದು ನಡೆದು ಬರುತ್ತಿರುವ ಹುಡುಗಿಯರನ್ನು ನೋಡಿ ಮೈಕು ಕಸಿದುಕೊಂಡರು.

"ನೋಡ್ರಿ! ಸಂಸ್ಕಾರ ಅಂದರ ಇದು! ಹಿರಿಯರನ್ನ ಕಂಡು ಎಲ್ಲಾರೂ ಇಳದ ಬರಾಕತ್ಯಾರ! ಯಾರು ಅಂದರು ಕಾಲ ಕೆಟ್ಟದ ಅಂತ?"

ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಎಂಟನೆಯವಳನ್ನು ದಾಟಿದಳು, ಏಳನೆಯವಳನ್ನು ದಾಟಿದಳು. ಗೆರೆಗೆ ಇಪ್ಪತ್ತು ಹೆಜ್ಜೆಯಿರುವಾಗ ಬೌರವ್ವ ಏಳನೆಯವಳು! ಸೈಕಲ್ಲು ಗೌಡರ ಕಡೆಗೆ ಹ್ಯಾಂಡಲ್ಲು ಬಗ್ಗಿಸಿ ಮೆಲ್ಲಗಾಗತೊಡಗಿತು. "ನೀ ಬಗ್ಗು ಮುತ್ಯಾ, ನಿನಗ ರೂಢಿ ಆಗ್ಯದ," ಎಂದು ಅವಳು ಅದನ್ನು ಅನಾಮತ್ತಾಗಿ ಹೆಗಲ ಮೇಲೆ ಎತ್ತಿಕೊಂಡಳು. ಗೌಡರ ಮುಖ ನೋಡುತ್ತಲೇ ಓಡಿದಳು. ಗೆರೆ ದಾಟಿದಾಗ ಮುಂದೆ ನಾಲ್ವರಿದ್ದರು.

ಜಗಳ ಎದ್ದಿತು. ಗುರುಲಿಂಗ ಮಾಸ್ತರರು ಮತ್ತೆ ಪುಸ್ತಕ ತೆಗೆದರು. ಗೆರೆ ದಾಟುವಾಗ ಸೈಕಲ್ಲು ಸವಾರನ ಕೈಯಲ್ಲಿರಬೇಕು ಎಂದಿತ್ತು. "ಹೆಗಲು ಕೈಗೆ ಹತ್ತಿಕೊಂಡ ಅದ," ಎಂದು ತೀರ್ಪು ಕೊಟ್ಟು ಐದನೆಯ ಹೆಸರು ಬರೆದುಕೊಂಡರು: ಬೌರವ್ವ ಮಾದರ, ಹಾಸ್ಟೆಲಿಗೆ.

* * *

ಪೆಟ್ಟಿಗೆ ಅಂದೇ ಸುಟ್ಟುಹೋಯಿತು. ಸೈಕಲ್ಲುಗಳೆಲ್ಲ ಮರುದಿನ ಸರಿಯಾದವು. ಸರಿಯಾಗದೆ ಉಳಿದದ್ದು ಗೌಡರ ಜೀಪು.

"ಸೈಕಲ್ಲಿಗೆ ಕಣ್ಣಿಲ್ಲ, ಮರೀತಾವು," ಎಂದು ಕಾಕಾ ಸಂಗವ್ವನಿಗೆ ವಿವರಿಸಿದ. "ಜೀಪಿಗೆ ಕನ್ನಡಿ ಅದ ವೈನಿ! ಅದರಾಗ ದಿನಾ ಮೀಸಿ ಕಾಣ್ತದ, ದಿನಾ ನೆನಪಾಗ್ತದ!"

ಅದೇ ಆಯಿತು. ಗೌಡರು ಕೂತರೆ ಕನ್ನಡಿಯಲ್ಲಿ ಮೀಸೆ ಮೂಡುತ್ತಿತ್ತು, ಜೀಪು ಗಕ್ಕನೆ ನಿಂತು ಸೀಟು ವಾಲಿಸಿ ಅವರನ್ನು ರಸ್ತೆಗೆ ಇಳಿಸುತ್ತಿತ್ತು. ಕನ್ನಡಿ ಕಿತ್ತರೆ ಜೀಪು ಚಾಲೂ ಆಗುತ್ತಲೇ ಇರಲಿಲ್ಲ. ಮೆಕ್ಯಾನಿಕರು ಮೂವರು ಬಂದು ಹೋದರು. ಕೊನೆಗೆ ಒಂದೋ ಮೀಸೆ, ಇಲ್ಲವೇ ಜೀಪು ಎಂಬಲ್ಲಿಗೆ ಬಂತು. ಗೌಡರು ಮೀಸೆಯನ್ನೇ ಉಳಿಸಿಕೊಂಡರು.

ಬೌರವ್ವ ಟ್ರಂಕು ಕಟ್ಟಿ ಹಾಸ್ಟೆಲಿಗೆ ಹೊರಟ ಬೆಳಿಗ್ಗೆ, ಗೌಡರು ತಾಲ್ಲೂಕು ಕಚೇರಿಗೆ ಹೋಗುವ ಬಸ್ಸು ಹಿಡಿಯಲು ಒಳದಾರಿಯಲ್ಲಿ, ಕೇರಿಯ ನಡುವೆಯೇ ನಡೆದು ಬರುತ್ತಿದ್ದರು. ಕಾಲು ಕಚ್ಚಿದ ಹೊಸ ಚಪ್ಪಲಿಗಳು ಕೈಯಲ್ಲಿದ್ದವು. ಬಾಗಿಲಲ್ಲಿ ನಿಂತ ಸಂಗವ್ವ ಅವರು ದಾಟಿ ಹೋಗುವ ತನಕ ನೋಡಿದಳು.

"ಹೊಸದಾಗಿ ಹಂಗ ನೋಯ್ತಾವು," ಎಂದಳು ಮಗಳಿಗೆ. "ಒಂದು ಮೂವತ್ತು ವರ್ಷಕ್ಕ ಸರಿ ಹೋಗ್ತಾವು."