ಹಳೇ ಸೂಜಿ ಕೊಡಿ, ಹೊಸ ಸೂಜಿ ತಗೊಳ್ಳಿ

ನಮ್ಮ ದೊಡ್ಡಮ್ಮ ಊರು ಹಾಳು ಮಾಡ್ತಿದಾಳೆ ಅಂತ ಮೊಟ್ಟಮೊದಲು ಸಾರಿದವರು ಶತ್ರುಗಳಲ್ಲ, ಸ್ವತಃ ನಮ್ಮ ದೊಡ್ಡಪ್ಪ! ಪಾಪ, ಅವರ ದುಃಖಕ್ಕೂ ಕಾರಣವಿತ್ತು. ಗುಬ್ಬಿ ಕಡೆಯ ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸಾಗಿ ದುಡಿದು ನಿವೃತ್ತಳಾದ ಹೆಂಡತಿ ಇನ್ನಾದರೂ ವಿಭೂತಿ ಹಚ್ಚಿಕೊಂಡು ಮಠದ ಕಡೆ ಮುಖ ಮಾಡುತ್ತಾಳೆ ಅಂತ ಅವರು ಮಠಕ್ಕೆ ಹತ್ತಿರದ ಬಟವಾಡಿಯಲ್ಲಿ ಮನೆ ಮಾಡಿದ್ದರು. ಆಕೆ ವಿಭೂತಿಯನ್ನೇನೋ ಹಚ್ಚಿಕೊಂಡಳು. ಹಚ್ಚಿಕೊಂಡು ವರಾಂಡದಲ್ಲಿ ಕೂತು, ನಶೆಯ ಇಂಜೆಕ್ಷನ್ ಚುಚ್ಚಿಕೊಳ್ಳುವವರಿಗೆ ಹೊಸ ಸಿರಿಂಜ್ ಹಂಚತೊಡಗಿದಳು!

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಏಡ್ಸ್ ಅಂದರೆ ಜನ ಪಕ್ಕದ ಬೀದಿಗೆ ಓಡುತ್ತಿದ್ದ ಕಾಲ. ದೊಡ್ಡಮ್ಮನ ನಿಯಮ ಸರಳ: ಹಳೇದು ತಂದು ಕೊಡಬೇಕು, ಹೊಸದು ತಗೊಂಡು ಹೋಗಬೇಕು. ಹಳೇ ಸೂಜಿಗಳು ಗಟ್ಟಿ ಮುಚ್ಚಳದ ಬಿಸ್ಕತ್ ಡಬ್ಬಕ್ಕೆ. ಡಬ್ಬ ತುಂಬಿದರೆ ಪರಿಚಯದ ಆಸ್ಪತ್ರೆಗೆ, ಸುಡಲು. ಒಮ್ಮೆ ಕುಣಿಗಲ್ಲಿನ ಬೀಗರು ಬಂದಾಗ ದೊಡ್ಡಪ್ಪ ಸಂಭ್ರಮದಿಂದ ಅದೇ ಡಬ್ಬ ತಂದು ಟೀಪಾಯಿ ಮೇಲಿಟ್ಟರು. ದೊಡ್ಡಮ್ಮ ಅಡುಗೆಮನೆಯಿಂದ ಕಿರುಚಿದ ರಭಸಕ್ಕೆ ಬೀಗರ ಕಾಫಿಯೆಲ್ಲ ಪಂಚೆಯ ಮೇಲೆ! ಆಮೇಲೆ ಆ ಮನೆಯಲ್ಲಿ ಬೀಗರು ಬಿಸ್ಕತ್ತು ಮುಟ್ಟಿದ್ದನ್ನು ಯಾರೂ ನೋಡಿಲ್ಲ.

ಬೀದಿಯವರ ದೂರು ಕೇಳಿ ಒಬ್ಬ ಪೊಲೀಸಪ್ಪನೂ ಬಂದ.

“ಏನಮ್ಮಾ, ಚಟದೋರಿಗೆ ಸಪೋರ್ಟ್ ಮಾಡ್ತೀರಂತೆ?”

“ಸೂಜಿ ಕೊಡ್ದಿದ್ರೆ ಚಟ ಬಿಟ್ಬಿಡ್ತಾರೇನಪ್ಪಾ? ಒಂದೇ ಸೂಜೀಲಿ ನಾಲ್ಕು ಜನ ಚುಚ್ಕೋತಾರೆ. ನಾಳೆ ಅವರ ಹೆಂಡ್ತೀರಿಗೂ ರೋಗ. ಬಿಡಬೇಕು ಅಂದ್ರೆ ಅಲ್ಲೀವರ್ಗೂ ಬದುಕಿರ್ಬೇಕಲ್ಲ! ಅದಿರ್ಲಿ, ನಿನ್ನ ಮುಖ ಯಾಕೆ ಕೆಂಪಗಿದೆ? ಕೂತ್ಕೋ.”

ಬಿ.ಪಿ. ನೋಡಿದಳು. ನೂರೆಪ್ಪತ್ತು! “ಗುಟ್ಕಾ ದಿನಕ್ಕೆ ಎಷ್ಟು?” “ಹತ್ತು.” “ಬಿಡಕ್ಕಾಗಲ್ವಾ? ಸರಿ, ಐದು ಮಾಡು.” ವಿಚಾರಣೆಗೆ ಬಂದವನು ಪ್ರತಿ ಸೋಮವಾರ ಬಿ.ಪಿ. ನೋಡಿಸಿಕೊಳ್ಳಲು ಅಂಗಿಯ ತೋಳು ಮಡಿಸಿಕೊಂಡು ಹಾಜರಾಗತೊಡಗಿದ. ಯಾರು ಯಾರನ್ನು ವಿಚಾರಿಸಿದರು, ನೀವೇ ಹೇಳಿ!

ಅಲ್ಲಿಗೆ ಬರುತ್ತಿದ್ದವರಲ್ಲಿ ಮುನೀರ್ ಒಬ್ಬ. ಸತ್ಯಮಂಗಲದ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮಿಷನ್ ನಡೆಸುತ್ತಿದ್ದ. ಚುಚ್ಚಿ ಚುಚ್ಚಿ ತೋಳೆಲ್ಲ ಕೀವು. ಯಾವುದೋ ಆಸ್ಪತ್ರೆಯಲ್ಲಿ ಬೈದರು ಅಂತ ಎದ್ದು ಬಂದಿದ್ದ. ದೊಡ್ಡಮ್ಮ ದಿನಾ ಡ್ರೆಸ್ಸಿಂಗ್ ಮಾಡಿದಳು. ಮೊದಲು ಮುದ್ದೆ, ಆಮೇಲೆ ಗಾಯ. ಹುಣ್ಣು ಮಾಯ್ದ ಮೇಲೆ ಅವನೇ ಒಂದು ದಿನ, “ಅಮ್ಮಾ, ಇದನ್ನ ಬಿಡ್ಸೋ ಡಾಕ್ಟ್ರು ಎಲ್ಲವ್ರೆ?” ಅಂದ. ಅವಳೇ ಕರೆದುಕೊಂಡು ಹೋದಳು. ಮೂರು ತಿಂಗಳು ಅವನು ಸೂಜಿ ಮುಟ್ಟಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಮನೆಗೆ ಬರುವುದೇ ನಿಂತುಹೋಯಿತು.

“ಸ್ಕೂಟರ್ ತೆಗಿಯೋ” ಅಂದಳು ದೊಡ್ಡಮ್ಮ ನನಗೆ. ಹೋದೆವು. ಮುನೀರ್ ನಮ್ಮನ್ನು ಕಂಡವನೇ ಲೇತಿನ ಹಿಂದೆ ಸರಿದ.

“ಮತ್ತೆ ಶುರು ಮಾಡ್ಕೊಂಬುಟ್ಟೆ ಅಮ್ಮಾ. ಯಾವ ಮುಖ ಇಟ್ಕೊಂಡು ಬರ್ಲಿ?”

“ಈಗಿರೋದನ್ನೇ ಇಟ್ಕೊಂಡು ಬಾ. ಊಟ ಆಯ್ತಾ?”

ವಾಪಸ್ ಬರುವಾಗ ನನಗೆ ತಮಾಷೆ. “ಅಲ್ಲ ದೊಡ್ಡಮ್ಮ, ದೊಡ್ಡಪ್ಪಂಗೆ ದಿನಾ ಅಷ್ಟು ಬೈತೀಯ, ಇವನಿಗೊಂದು ಸಲಾನಾದ್ರೂ ಬೈಬಾರ್ದಾ?”

ಅವಳು ನಗಲಿಲ್ಲ.

“ಗುಬ್ಬಿ ಕಡೆ ಇದ್ದಾಗ ಒಬ್ಬಂಗೆ ಬೈದಿದ್ದೆ ಕಣೋ. ಹಿಂಗೇ ಗಾಯ. ‘ಮೊದ್ಲು ಅದನ್ನ ಬಿಟ್ಟು ಬಾ, ಆಮೇಲೆ ಡ್ರೆಸ್ಸಿಂಗ್’ ಅಂದೆ. ಸರಿ ಸಿಸ್ಟರ್ ಅಂತ ಹೋದ. ನಾಲ್ಕು ದಿನಕ್ಕೆ ಅವನ ತಾಯಿ ಒಬ್ಬಳೇ ಬಂದ್ಲು. ಹೋಗ್ಬುಟ್ಟ ಅಂದ್ಲು.”

ನನ್ನ ಭುಜದ ಮೇಲಿದ್ದ ಅವಳ ಕೈ ಬಿಗಿಯಾಯಿತು.

ಮರುದಿನ ಮುನೀರ್ ಬಂದ. ಪೂರ್ತಿ ಬಿಡಲು ಅವನಿಗೆ ಇನ್ನೂ ಎರಡು ವರ್ಷ ಹಿಡಿಯಿತು. ಅಷ್ಟೂ ದಿನ ದೊಡ್ಡಮ್ಮ “ಯಾವಾಗ ಬಿಡ್ತೀಯ” ಅಂತ ಕೇಳಿದ್ದನ್ನು ನಾನು ಕಾಣೆ. ಗೇಟಿನ ತನಕ ಹೋಗಿ ಒಂದೇ ಮಾತು ಕೇಳುತ್ತಿದ್ದಳು:

“ನಾಳೆ ಬರ್ತೀಯ ತಾನೇ, ಮಗಾ?”