ಒಂದು ರಸಪೂರಿಗೆ ಎಷ್ಟು ಮೈಲಿ?

ತೂಕ ಇಳಿಸುತ್ತೇನೆಂದು ಯಾರೇ ಹೊರಟರೂ ಅವರ ಹಿಂದೆಯೇ ಒಂದಲ್ಲ ಒಂದು ನಗೆಪಾಟಲು ಹೊರಟಿರುತ್ತದೆ. ಮೊನ್ನೆ ಕೋಲಾರದಲ್ಲಿ, ಬಟ್ಟೆ ಅಂಗಡಿಯ ಮಹಡಿ ಮೇಲಿನ ಜಿಮ್ಮಿನಲ್ಲಿ, ಕಾಲುನೋವಿಗೆಂದು ನಾನು ಟ್ರೆಡ್‌ಮಿಲ್ ಮೇಲೆ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದೆ. ಪಕ್ಕದ ಯಂತ್ರದಲ್ಲಿ ದಪ್ಪನೆಯವರೊಬ್ಬರು ಬೆವರು ಸುರಿಸಿಕೊಂಡು ಓಡಿ, ಇಳಿದು, ಅದು ತೋರಿಸಿದ ಅಂಕಿಯನ್ನು ನೋಡಿದರು. "ಸಾರ್, ಇಷ್ಟು ಕ್ಯಾಲೊರಿ ಕರಗಿದೆ ಅಂತೆ. ಇದಕ್ಕೆ ಎರಡು ಮಸಾಲೆ ದೋಸೆ ಬರುತ್ತಾ?" ಎಂದು ನನ್ನನ್ನು ಕೇಳಿದರು.

ಇದೇ ಪ್ರಶ್ನೆಯನ್ನು ಇದಕ್ಕಿಂತ ಚೆನ್ನಾಗಿ ಕೇಳಿದ್ದವರೊಬ್ಬರು ನನಗೆ ಗೊತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶ್ರೀನಿವಾಸಪುರದ ಹೈಸ್ಕೂಲೊಂದರಲ್ಲಿ ಸೈನ್ಸ್ ಮೇಷ್ಟ್ರಾಗಿದ್ದೆ. ಅಲ್ಲಿನ ನಮ್ಮ ಹೆಡ್‌ಮಾಸ್ಟರು ಅವರು. ಈಗಿಲ್ಲ. ಇದ್ದಿದ್ದರೆ ಕೈಹಿಡಿದು ಕರೆತಂದು ಆ ಯಂತ್ರದ ಮೇಲೆ ನಿಲ್ಲಿಸುತ್ತಿದ್ದೆ. ಅವತ್ತೆಲ್ಲ ಅವರದೇ ನೆನಪು.

ಡಾಕ್ಟರ ಗಡುವು

ಮಾವಿನ ಮರಗಳು ಹೂ ಬಿಟ್ಟಿದ್ದ ಕಾಲ. ಹೆಡ್‌ಮಾಸ್ಟರಿಗೆ ಸ್ಕೂಲಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಕೋಲಾರದ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಅವರ ಕೋಟು, ಚಪ್ಪಲಿ ಎಲ್ಲ ಬಿಚ್ಚಿಸಿ ತೂಕ ನೋಡಿದರು. ಎದೆಗೆ ಕೊಳವೆ ಇಟ್ಟು ಕೇಳಿದರು.

"ಎದೆ ಚೆನ್ನಾಗಿದೆ ಮೇಷ್ಟ್ರೇ. ಆದರೆ ಅದು ಹೊರೋ ಭಾರ ಜಾಸ್ತಿಯಾಗಿದೆ. ಎಂಟು ಕೆ.ಜಿ. ಇಳಿಸಬೇಕು."

"ಇಳಿಸೋಣ. ಅದಕ್ಕೇನಂತೆ."

"ಹಣ್ಣು ಬರೋ ಹೊತ್ತಿಗೆ ಇಳಿದಿರಬೇಕು. ಇಳಿದಿಲ್ಲವೋ, ಈ ವರ್ಷ ನೀವು ಮಾವಿನಹಣ್ಣು ಮುಟ್ಟೋ ಹಾಗಿಲ್ಲ."

ಹೆಡ್‌ಮಾಸ್ಟರ ಮುಖ ಬಿಳಿಚಿತು. ಊರಾಚೆ ಅವರದೇ ಒಂದು ಮಾವಿನ ತೋಪಿತ್ತು. ಬೇಸಿಗೆ ಬಂತೆಂದರೆ ಬೆಳಿಗ್ಗೆ ರಸಪೂರಿ, ಮಧ್ಯಾಹ್ನ ಬಾದಾಮಿ, ಸಾಯಂಕಾಲ ಮಕ್ಕಳ ಹಾಗೆ ಸಕ್ಕರೆಗುತ್ತಿ ಚೀಪುತ್ತಾ ಜಗಲಿಯ ಮೇಲೆ ಕೂರುವ ಮನುಷ್ಯ. ವರ್ಷದ ಮಿಕ್ಕ ತಿಂಗಳುಗಳನ್ನು ಅವರು ಸುಮ್ಮನೆ ಸಹಿಸಿಕೊಳ್ಳುತ್ತಿದ್ದರು, ಅಷ್ಟೇ.

ಹಿಂದಿರುಗುವಾಗ ಬಸ್ಸಿನ ಕಿಟಕಿಯಿಂದ ದಾರಿಯ ತೋಪುಗಳನ್ನೇ ನೋಡುತ್ತಿದ್ದರು. ಊರು ಹತ್ತಿರವಾದಾಗ ನನ್ನ ಕಡೆ ಬಗ್ಗಿ ಕೇಳಿದರು: "ಮೇಷ್ಟ್ರೇ, ಅವರು ಹಣ್ಣು ಅಂದ್ರಲ್ಲ. ದೋರೆಗಾಯಿ ತಿನ್ನಬಹುದು ಅಲ್ವಾ?"

ಮುದ್ದೆಯ ದೂರ

ತಪ್ಪು ನನ್ನದೇ. ಧೈರ್ಯ ಹೇಳಲು ಹೋಗಿ ಕ್ಯಾಲೊರಿ ಎಂಬ ಮಾತೆತ್ತಿದೆ. ತಿಂದದ್ದೆಲ್ಲ ಒಲೆಗೆ ಹಾಕಿದ ಸೌದೆ, ನಡೆದರೆ ಅದು ಉರಿದುಹೋಗುತ್ತದೆ, ಉರಿಯದೆ ಉಳಿದದ್ದು ಹೊಟ್ಟೆಯ ಸುತ್ತ ಪೇರಿಸಿಕೊಳ್ಳುತ್ತದೆ ಎಂದು ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಪುಸ್ತಕ ನೋಡಿಕೊಂಡು, ಕೊಂಚ ಅಂದಾಜೂ ಸೇರಿಸಿ, ಒಂದು ರಸಪೂರಿ ಹಣ್ಣಿಗೆ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು ನಡೆಯಬೇಕು, ದೊಡ್ಡ ರಾಗಿಮುದ್ದೆಗೆ ಐದು ಮೈಲಿಯಾದರೂ ಬೇಕು ಎಂದೆ.

ಅಲ್ಲಿಂದ ಮುಂದೆ ಅವರ ಕಣ್ಣಿಗೆ ಊಟದ ತಟ್ಟೆ ರಸ್ತೆಯ ನಕ್ಷೆಯ ಹಾಗೆ ಕಾಣತೊಡಗಿತು. ಮುದ್ದೆ ಬಡಿಸಿದರೆ, "ಅರ್ಧ ಸಾಕು, ಯಲ್ದೂರಿನವರೆಗೆ ಯಾರು ಹೋಗ್ತಾರೆ?" ಅನ್ನುವರು. ತುಪ್ಪದ ಮಿಳ್ಳೆ ಹತ್ತಿರ ಬಂದರೆ, "ಬೇಡ, ಅದು ಮುಳಬಾಗಿಲು ದಾಟಿಸುತ್ತೆ," ಅನ್ನುವರು.

ಒಂದು ದಿನ ನಾನೂ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅವರ ಹೆಂಡತಿ, ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದೆವು, ಸಾರಿನ ಸೌಟು ಹಿಡಿದು ನನ್ನೆದುರು ನಿಂತರು.

"ಮೇಷ್ಟ್ರೇ, ಬಾವಿಯಿಂದ ನೀರು ಸೇದಿದ್ರೆ ಎಷ್ಟು ಮೈಲಿ?"

"ಅದಕ್ಕೂ ಒಂದಿಷ್ಟು ಬರುತ್ತೆ ಅಮ್ಮಾವ್ರೇ."

"ರಾಗಿ ಬೀಸಿದ್ರೆ? ಮುದ್ದೆ ತೊಳಸಿದ್ರೆ?"

"ಅದಕ್ಕೆ ಇನ್ನೂ ಜಾಸ್ತಿ."

ಅಮ್ಮಾವ್ರು ಗಂಡನ ತಟ್ಟೆಗೆ ಸಾರು ಬಡಿಸುತ್ತಾ ಹೇಳಿದರು: "ಹಾಗಾದ್ರೆ ಈ ಮನೆಗೆ ಕಾಲಿಟ್ಟಾಗಿಂದ ನಾನು ಎಷ್ಟು ಸಲ ಕಾಶಿಗೆ ಹೋಗಿ ಬಂದಿದೀನೋ. ಗೊತ್ತಿದ್ರೆ ಒಂದು ಸಲವಾದ್ರೂ ಗಂಗೆ ನೀರು ತರ್ತಿದ್ದೆ."

ನಡೆಯಲು ಬಿಡದ ಊರು

ಆಗೆಲ್ಲ ಕೆಲಸವಿಲ್ಲದೆ ಯಾರೂ ನಡೆಯುತ್ತಿರಲಿಲ್ಲ. ಹೆಡ್‌ಮಾಸ್ಟರು ಬೆಳಿಗ್ಗೆ ಛತ್ರಿ ಹಿಡಿದು ಕೋಲಾರದ ರಸ್ತೆಯಲ್ಲಿ ಹೊರಟರೆ, ಅವರಿಗೆ ಬಸ್ಸು ತಪ್ಪಿದೆ ಎಂದೇ ಎಲ್ಲರೂ ತಿಳಿಯುತ್ತಿದ್ದರು. ಸುತ್ತಲ ಹಳ್ಳಿಗಳ ಅರ್ಧ ಜನ ಅವರ ಹತ್ತಿರ ಓದಿದವರು. ಸೈಕಲ್ಲಿನವನು ಇಳಿದು ಕ್ಯಾರಿಯರ್ ಒರೆಸುವನು. ಗಾಡಿಯವನು ಹುಲ್ಲು ಸರಿಸಿ ಜಾಗ ಮಾಡುವನು. ಬೇಡ ಅಂದರೆ, "ನಮ್ಮ ಗಾಡಿ ತಮಗಾಗಲ್ವಾ ಸಾರ್?" ಎಂದು ಮುಖ ಸಣ್ಣದು ಮಾಡಿಕೊಳ್ಳುವನು. ದಾರಿಯ ಮನೆಗಳವರು ಕೂಗಿ ಕರೆದು ಕಾಫಿ ಕೊಡುವರು, ಬಿಸಿ ರೊಟ್ಟಿ ಕೊಡುವರು. ಒಮ್ಮೆ ಹಳೇ ಶಿಷ್ಯನಾದ ಕಂಡಕ್ಟರು ಬಸ್ಸನ್ನೇ ನಿಲ್ಲಿಸಿ, "ಸಾರು ಹತ್ತೋವರೆಗೂ ಗಾಡಿ ಹೊರಡಲ್ಲ," ಎಂದು ಹಟ ಹಿಡಿದ. ಬಸ್ಸಿನೊಳಗಿಂದ ಜನ ಬೇಡಿಕೊಳ್ಳತೊಡಗಿದ ಮೇಲೆ ಹತ್ತಿದರಂತೆ. ಅವತ್ತು ಅವರ ವಾಕಿಂಗು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಮುಗಿಯಿತು.

"ಎಲ್ಲಿಗೂ ಹೋಗದ ಹಾಗೆ ನಡೀಬೇಕು ಮೇಷ್ಟ್ರೇ. ಅಂಥದ್ದೇನಾದ್ರೂ ಇದೆಯಾ?" ಎಂದು ಕೇಳಿದರು.

ಇತ್ತು, ಅವರ ತೋಪಿನಲ್ಲೇ ಇತ್ತು. ಪಂಪ್‌ಸೆಟ್ ಬಂದ ಮೇಲೆ ಬಿಟ್ಟುಬಿಟ್ಟಿದ್ದ ಹಳೇ ಕಪಿಲೆ ಬಾವಿ. ಎತ್ತುಗಳು ಇಳಿಯುತ್ತಾ ಹತ್ತುತ್ತಾ ನೀರು ಮೇಲೆತ್ತುತ್ತಿದ್ದ ಇಳಿಜಾರು ದಾರಿ ಹಾಗೇ ಉಳಿದಿತ್ತು. ಹೆಡ್‌ಮಾಸ್ಟರು ದಿನಾ ಬೆಳಿಗ್ಗೆ ಅಲ್ಲಿ ಬಾವಿ ಕಡೆಯಿಂದ ಕೆಳಗಿಳಿದು, ತಿರುಗಿ ಬಾವಿಗೆ ಹತ್ತಿ ಬರತೊಡಗಿದರು. ನಾನು ನೆರಳಲ್ಲಿ ಕೂತು ಮೈಲಿ ಅಂದಾಜು ಮಾಡುತ್ತಿದ್ದೆ. ತಲೆಯ ಮೇಲೆ ಮಾವಿನ ಹೀಚು ಕಾಯಾಗುತ್ತಿತ್ತು. ಅವರು ತಿರುಗುವಾಗೊಮ್ಮೆ ಅದನ್ನು ನೋಡಿ ಮತ್ತೆ ಇಳಿಯುವರು. ಆ ಬೆಳಗುಗಳನ್ನು ನೆನೆದರೆ ಈಗಲೂ ನನಗೆ ಮನಸ್ಸು ತುಂಬಿ ಬರುತ್ತದೆ.

ಒಂದು ದಿನ ಪಕ್ಕದ ತೋಟದ ಮುದುಕರೊಬ್ಬರು ಬೇಲಿಯ ಹತ್ತಿರ ನಿಂತು ಬಹಳ ಹೊತ್ತು ಇದನ್ನು ನೋಡಿದರು. ಆಮೇಲೆ ಮರುಕದಿಂದ ಕೇಳಿದರು: "ಎತ್ತು ಮಾರಿಬಿಟ್ರಾ ಸಾಮಿ?"

ಮಂಡಿಯ ತೂಕ

ಕೊನೆಗೂ ಹಣ್ಣು ಬಂತು. ಊರಿಗೆ ಊರೇ ಘಮ್ಮೆನ್ನುತ್ತಿತ್ತು. ಹೆಡ್‌ಮಾಸ್ಟರ ಮನೆಯ ಅಟ್ಟದಲ್ಲಿ ಹುಲ್ಲಿನ ಮೇಲೆ ರಸಪೂರಿ ಹಾಸಿದ್ದರು. ತೂಕ ನೋಡದೆ ಮುಟ್ಟುವಂತಿಲ್ಲ. ಡಾಕ್ಟರು ನೋಡಿದರೆ ಯಾವುದೋ ಮದುವೆಗೆ ಹೋದವರು ಇನ್ನೂ ವಾರ ಬರುವುದಿಲ್ಲ.

"ವಾರ ಕಾಯೋದು ನನ್ನಿಂದ ಆಗಲ್ಲ ಮೇಷ್ಟ್ರೇ. ಮಂಡಿಗೆ ಹೋಗೋಣ ನಡೀರಿ," ಅಂದರು.

ಮಾವಿನ ಮಂಡಿಯಲ್ಲಿ ದೊಡ್ಡ ತೂಕದ ಯಂತ್ರವಿತ್ತು. ತೂಗುವವನು ಇವರದೇ ಹಳೇ ವಿದ್ಯಾರ್ಥಿ. ಸುತ್ತ ಬುಟ್ಟಿಗಳ ರಾಶಿ, ಕೂಗಾಟ. ನಮ್ಮನ್ನು ಕಂಡು, "ಏಂ ಸಾರ್, ಇಂತ ಪೊದ್ದುನ್ನೇ?" ಎಂದು ಓಡಿ ಬಂದ. ಇಷ್ಟು ಬೆಳಿಗ್ಗೆಯೇ ಏಕೆ ಬಂದಿರಿ ಎಂದು ತೆಲುಗಿನಲ್ಲಿ ವಿಚಾರಿಸುವುದು ಆ ಕಡೆಯ ಮರ್ಯಾದೆ. ಹೆಡ್‌ಮಾಸ್ಟರು ಕೋಟು, ಚಪ್ಪಲಿ, ಛತ್ರಿ ಸಮೇತ ಯಂತ್ರದ ಮೇಲೆ ಹತ್ತಿ, ಕಣ್ಣು ಮುಚ್ಚಿ ನಿಂತರು. ಅವನು ಗುಂಡು ಸರಿಸಿದ, ಸರಳು ನೋಡಿದ, ತುಟಿಯಲ್ಲೇ ಏನೋ ಗುಣುಗುಟ್ಟಿಕೊಂಡು ತೂಕ ಕೂಗಿದ.

ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇ ಇಳಿದಿತ್ತು. ಹೆಡ್‌ಮಾಸ್ಟರು ನನ್ನ ಕೈ ಹಿಡಿದುಕೊಂಡರು. "ನಿಮ್ಮ ಸೈನ್ಸು ದೊಡ್ಡದು ಮೇಷ್ಟ್ರೇ," ಅಂದರು. ನನಗೂ ಹಾಗೇ ಅನ್ನಿಸಿತು. ಮನೆಗೆ ಬಂದು ಮೊದಲ ರಸಪೂರಿ ಬಾಯಿಗಿಟ್ಟಾಗ ಅವರ ಕಣ್ಣಲ್ಲಿ ನೀರಾಡಿತು. ಆ ವಾರ ಅವರು ತಿಂದ ಹಣ್ಣುಗಳ ಮೈಲಿ ಸೇರಿಸಿದ್ದರೆ ಮದ್ರಾಸು ದಾಟಿ ಸಮುದ್ರಕ್ಕೆ ಬೀಳುತ್ತಿತ್ತು.

ವಾರದ ಮೇಲೆ ಕೋಲಾರಕ್ಕೆ ಹೋದೆವು. ಹೆಡ್‌ಮಾಸ್ಟರು ನಗುನಗುತ್ತಾ ಡಾಕ್ಟರ ಯಂತ್ರ ಹತ್ತಿದರು. ಡಾಕ್ಟರು ನಗಲಿಲ್ಲ.

"ಎರಡೇ ಕೆ.ಜಿ. ಇಳಿದಿದೆಯಲ್ಲ ಮೇಷ್ಟ್ರೇ."

"ಸಾಧ್ಯವಿಲ್ಲ. ನಿಮ್ಮ ಯಂತ್ರ ಕೆಟ್ಟಿದೆ."

"ಬೇರೆಲ್ಲಿ ತೂಗಿಸಿದ್ರಿ?"

ಹೇಳಿದೆವು. ಡಾಕ್ಟರು ಬಾಗಿಲ ಕಡೆ ತಿರುಗಿ ಭುಜ ಕುಲುಕಿಸಿಕೊಂಡು ನಕ್ಕರು. ಆಮೇಲೆ ನಡೆಯುವುದನ್ನು ಬಿಡಬಾರದು ಎಂಬ ಷರತ್ತಿನ ಮೇಲೆ ದಿನಕ್ಕೆ ಒಂದು ಹಣ್ಣಿಗೆ ಅಪ್ಪಣೆ ಕೊಟ್ಟರು. ಹೆಡ್‌ಮಾಸ್ಟರಿಗೆ ಅಪ್ಪಣೆಗಿಂತ ಅವಮಾನ ದೊಡ್ಡದಾಗಿತ್ತು. ಬಸ್ಸಿಳಿದವರೇ ನೆಟ್ಟಗೆ ಮಂಡಿಗೆ ನಡೆದರು.

"ಏನಯ್ಯಾ, ಅವತ್ತು ನನ್ನ ತೂಕ ಸರಿಯಾಗಿ ಹೇಳಿದೆಯಾ?"

"ಸರಿಯಾಗೇ ಹೇಳ್ದೆ ಸಾರ್. ಕಳೆಯೋದೆಲ್ಲ ಕಳ್ದೇ ಹೇಳ್ದೆ."

"ಕಳೆಯೋದು ಅಂದ್ರೆ?"

"ಬುಟ್ಟಿ, ಹುಲ್ಲು, ಕೊಳೆತದ್ದು. ಮಂಡೀಲಿ ಏನು ತೂಗಿದ್ರೂ ಕಳೀತೀವಲ್ಲ ಸಾರ್. ಬಾಯಿಗೆ ಹಂಗೇ ಬಂದುಬಿಡ್ತದೆ."

"ನನ್ನ ಮೈಮೇಲೆ ಬುಟ್ಟಿ ಎಲ್ಲಿತ್ತಯ್ಯಾ?"

"ಕೋಟು, ಚಪ್ಲಿ, ಛತ್ರಿ ಇತ್ತಲ್ಲ ಸಾರ್, ಅದನ್ನ ಬುಟ್ಟಿ ಅಂತ ಹಿಡ್ದೆ."

ಹೆಡ್‌ಮಾಸ್ಟರು ಕೇಳಿದರು: "ಮತ್ತೆ ಕೊಳೆತದ್ದು?"

ಅವನು ನಾಲಿಗೆ ಕಚ್ಚಿಕೊಂಡ. ಹೆಗಲ ಮೇಲಿನ ಟವಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬಹಳ ವಿನಯದಿಂದ ಹೇಳಿದ:

"ಲೆಕ್ಕ ಕಲಿಸಿದ ಗುರುಗಳು ಅಂತ ಕೊಳೆತದ್ದು ಕಮ್ಮೀನೇ ಹಿಡ್ದೆ ಸಾರ್."